ಅಚ್ಚು ನಿಂತ ಹಳೇ ಆರ್‌ಪಿಜಿಗೆ ದುಡ್ಡು ಹಾಕುವ ಮುಂಚೆ

ಆನ್‌ಲೈನ್‌ನಲ್ಲಿ ಹಳೇ ರೋಲ್‌ಪ್ಲೇಯಿಂಗ್ ಗೇಮ್ (ಆರ್‌ಪಿಜಿ) ಒಂದರ ಬಾಕ್ಸ್ ಮಾರಾಟಕ್ಕಿದೆ. ಮುಚ್ಚಳದ ಚಿತ್ರ ನೋಡಿದರೇ ಖುಷಿ. ಅಚ್ಚು ನಿಂತು ಮೂವತ್ತು ವರ್ಷ ಆಯ್ತಂತೆ, ಮಾರುವವನು ‘ತುಂಬಾ ಅಪರೂಪ’ ಅಂತ ಬೇರೆ ಬರೆದಿದ್ದಾನೆ. ತಗೊಳ್ಳಬೇಕಾ, ಬೇಡ್ವಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆಡುವುದಕ್ಕಾದರೆ ಒಂದೇ ಒಂದು ರೂಲ್‌ಬುಕ್‌ಗೆ ದುಡ್ಡು ಹಾಕಿ, ಅದೂ ಒಂದೆರಡು ಸಲ ಆಡಿ ನೋಡಿದ ಮೇಲೆ. ಬೆಲೆ ಏರಿದಾಗ ಮಾರಿ ಲಾಭ ಮಾಡೋಣ ಅನ್ನುವ ಲೆಕ್ಕವಿದ್ದರೆ ಬೇಡ. ಶಿವಮೊಗ್ಗದಲ್ಲಿ ಕೂತು ಆ ವ್ಯಾಪಾರ ಗಿಟ್ಟುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ತಗೊಳ್ಳಲೇಬೇಕು ಅಂತಿದ್ದರೆ ಹೇಗೆ ತಗೊಳ್ಳುವುದು ಅನ್ನುವುದೂ ಇದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ತಾಳಮದ್ದಲೆ ಕೇಳಿದ ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರ, ಮಾತು ಆ ಕ್ಷಣಕ್ಕೆ ಹುಟ್ಟುವಂಥದ್ದು. ವ್ಯತ್ಯಾಸ ಏನಪ್ಪಾ ಅಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ, ಕತ್ತಿ ಬೀಸಿದ್ದು ತಾಗಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ, ಯಾವ ದಾಳ ಯಾವಾಗ ಹಾಕಬೇಕು ಅನ್ನುವುದನ್ನು ರೂಲ್‌ಬುಕ್ ಹೇಳುತ್ತದೆ. ಆ ರೂಲ್‌ಬುಕ್‌ನ ಕಟ್ಟುಪಾಡಿಗೆ ಸಿಸ್ಟಮ್ ಅಂತಾರೆ. ಆಡಿಸುವವರು ಜಿಎಂ, ಅಂದರೆ ಗೇಮ್ ಮಾಸ್ಟರ್.

ಮೊದಲು ಜನ, ಆಮೇಲೆ ಪುಸ್ತಕ

ಒಬ್ಬ ಜಿಎಂ, ಮೂರು ನಾಲ್ಕು ಜನ ಆಟಗಾರರು. ಇಷ್ಟು ಜನ ಒಟ್ಟಿಗೆ ಮೂರು ಗಂಟೆ ಕೂರುತ್ತಾರಾ? ಈ ಪ್ರಶ್ನೆಗೆ ಉತ್ತರ ಸಿಗದೆ ಪುಸ್ತಕದ ಬೆಲೆ ನೋಡುವುದು ಸುಮ್ನೆ. ನಮ್ಮ ಕಡೆ ಆರ್‌ಪಿಜಿ ಅಂದರೆ ಗೊತ್ತಿರುವವರೇ ಕಡಿಮೆ. ಗೊತ್ತಿದ್ದವರಿಗೂ ಗೊತ್ತಿರುವುದು ಡಂಜನ್ಸ್ ಅಂಡ್ ಡ್ರಾಗನ್ಸ್, ಅಂದರೆ ಡಿ ಅಂಡ್ ಡಿ, ಅದರಲ್ಲೂ 2014ರಲ್ಲಿ ಬಂದ ಐದನೇ ಆವೃತ್ತಿ. ನೀವು 1980ರ ದಶಕದ ಸಿಸ್ಟಮ್ ತಂದಿರೋ, ಅದನ್ನು ಓದುವವರೂ ನೀವೇ, ಕಲಿಸುವವರೂ ನೀವೇ, ಆಟದ ಮಧ್ಯೆ ಸಂಶಯ ಬಂದರೆ ಪುಟ ಹುಡುಕುವವರೂ ನೀವೇ. ಇನ್ನೊಬ್ಬರು ದುಡ್ಡು ಕೊಟ್ಟು ಎರಡನೇ ಪ್ರತಿ ತರುತ್ತಾರೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ.

ಎಷ್ಟು ದಿನಕ್ಕೊಮ್ಮೆ ಸೇರುತ್ತೀರಿ ಅನ್ನುವುದು ಇನ್ನೂ ಮುಖ್ಯ. ವಿನೋಬನಗರದಲ್ಲೇ ಎಲ್ಲರೂ ಇದ್ದು ಪ್ರತಿ ಭಾನುವಾರ ಸಿಗುತ್ತೀರಿ ಅಂದರೆ ಎಷ್ಟು ದಪ್ಪದ ರೂಲ್ಸ್ ಇದ್ದರೂ ನಡೆದೀತು. ಆದರೆ ಇಲ್ಲಿ ಹಾಗೆ ಆಗುವುದು ಅಪರೂಪ. ಒಬ್ಬ ಬೆಂಗಳೂರಿನಿಂದ ಹಬ್ಬಕ್ಕೆ ಮಾತ್ರ ಬರುತ್ತಾನೆ, ಇನ್ನೊಬ್ಬ ಸಾಗರದವನು ಅಡಿಕೆ ಕೊಯ್ಲು ಶುರುವಾಯಿತೆಂದರೆ ಫೋನೂ ಎತ್ತುವುದಿಲ್ಲ, ಮಳೆಗಾಲದಲ್ಲಿ ಎಲ್ಲರಿಗೂ ಬಿಡುವಿದ್ದರೂ ರಸ್ತೆಗೆ ಮರ ಬಿದ್ದಿರುತ್ತದೆ. ಗಣಪತಿ ಹಬ್ಬಕ್ಕೆ ಒಮ್ಮೆ, ದೀಪಾವಳಿಗೆ ಒಮ್ಮೆ ಸೇರುವ ಗುಂಪಿಗೆ ಭಾರದ ಸಿಸ್ಟಮ್ ತಂದರೆ ಪ್ರತಿ ಸಲವೂ ಮೊದಲಿಂದ ಪಾಠ ಮಾಡಬೇಕು. ಅರ್ಧ ಗಂಟೆಯಲ್ಲಿ ಕನ್ನಡದಲ್ಲಿ ವಿವರಿಸಿ ಮುಗಿಸಬಹುದಾದ ಆಟ ಆರಿಸಿಕೊಳ್ಳಿ.

ಈ ಲೆಕ್ಕದಲ್ಲಿ ಕೆಲವು ಹಳೇ ಸಿಸ್ಟಮ್‌ಗಳು ಹೊಸದಕ್ಕಿಂತ ಎಷ್ಟೋ ಮೇಲು. 1981ರ ಡಿ ಅಂಡ್ ಡಿ ಬೇಸಿಕ್ ರೂಲ್‌ಬುಕ್ ಬರೀ 64 ಪುಟ, ಅದರ ಮುಂದಿನ ಎಕ್ಸ್‌ಪರ್ಟ್ ಪುಸ್ತಕವೂ 64. ಬಾಹ್ಯಾಕಾಶದ ಆಟ ಟ್ರಾವೆಲರ್ 1977ರಲ್ಲಿ ಬಂದಾಗ ಮೂರು ಪುಟ್ಟ ಕಪ್ಪು ಪುಸ್ತಕ, ಅಷ್ಟೇ. ಇಂಗ್ಲಿಷ್ ಪುಸ್ತಕ ಓದಿ ಕನ್ನಡದಲ್ಲಿ ಆಡಿಸುವವರಿಗೆ ಪುಟ ಕಡಿಮೆ ಇದ್ದಷ್ಟೂ ಒಳ್ಳೆಯದು, ಅಲ್ವಾ?

ಅಚ್ಚು ನಿಂತಿದೆ ಅಂದರೆ ನಿಜವಾಗಿ ಏನು

ಇಲ್ಲೇ ಬಹಳ ಜನ ಎಡವುವುದು. ಅಚ್ಚು ನಿಂತ ಆಟಗಳೆಲ್ಲ ಒಂದೇ ಥರ ಅಲ್ಲ.

ಕೆಲವಕ್ಕೆ ಅಂಗಡಿಗೆ ಹೋಗುವ ಮುದ್ರಣ ಮಾತ್ರ ನಿಂತಿದೆ. ಪಿಡಿಎಫ್ ಡ್ರೈವ್‌ಥ್ರೂಆರ್‌ಪಿಜಿಯಂಥ ಆನ್‌ಲೈನ್ ಅಂಗಡಿಯಲ್ಲಿ ನ್ಯಾಯವಾಗಿ ಸಿಗುತ್ತದೆ, ಎಷ್ಟೋ ಪುಸ್ತಕಗಳನ್ನು ಕೇಳಿದವರಿಗೆ ಒಂದೊಂದೇ ಪ್ರತಿ ಅಚ್ಚು ಹಾಕಿಯೂ ಕೊಡುತ್ತಾರೆ. 1991ರ ಡಿ ಅಂಡ್ ಡಿ ರೂಲ್ಸ್ ಸೈಕ್ಲೋಪೀಡಿಯಾ ಇದಕ್ಕೆ ಒಳ್ಳೇ ಉದಾಹರಣೆ. 304 ಪುಟದ ಒಂದೇ ಪುಸ್ತಕದಲ್ಲಿ ಇಡೀ ಆಟ ಇದೆ, ಪಿಡಿಎಫ್ ಇದೆ, ಅಚ್ಚು ಹಾಕಿಸಲೂಬಹುದು. ಹೀಗಿರುವಾಗ ಯಾರೋ ಓದಿ ಮೂಲೆ ಸವೆಸಿದ ಹಳೇ ಪ್ರತಿಗೆ ಸಾವಿರಗಟ್ಟಲೆ ಕೊಡುವುದು ಸಂಗ್ರಹದ ಹುಚ್ಚೇ ಹೊರತು ಆಟದ ಖರ್ಚು ಅಲ್ಲ. ಹುಚ್ಚು ತಪ್ಪು ಅಂತ ಹೇಳುತ್ತಿಲ್ಲ, ಹುಚ್ಚು ಅಂತ ಗೊತ್ತಿರಲಿ.

ಇನ್ನು ಕೆಲವಕ್ಕೆ ಹಳೇ ಆವೃತ್ತಿ ಹೋದರೂ ವಂಶ ಮುಂದುವರಿದಿದೆ. ಟ್ರಾವೆಲರ್ ಹೊರತಂದ ಜಿಡಿಡಬ್ಲ್ಯೂ ಕಂಪನಿ 1996ರಲ್ಲಿ ಬಾಗಿಲು ಹಾಕಿತು, ಆದರೆ 2008ರಲ್ಲಿ ಮಂಗೂಸ್ ಅನ್ನುವ ಕಂಪನಿ ಅದನ್ನು ಮತ್ತೆ ತಂದಿತು, ಈಗಲೂ ಹೊಸ ಪುಸ್ತಕ ಬರುತ್ತಿವೆ. 1981ರ ಕಾಲ್ ಆಫ್ ಕ್ತುಲ್ಹು ಈಗ ಏಳನೇ ಆವೃತ್ತಿಯಲ್ಲಿದೆ. ಏಳನೆಯದರಲ್ಲಿ ಪಾತ್ರದ ಶಕ್ತಿ, ಬುದ್ಧಿ ಇತ್ಯಾದಿ ಅಂಕಿಗಳನ್ನು ಐದರಿಂದ ಗುಣಿಸಿ ಶೇಕಡಾ ಮಾಡಿದ್ದಾರೆ, ಹಾಗಾಗಿ ನಲವತ್ತು ವರ್ಷ ಹಿಂದಿನ ಕಥೆಯನ್ನೂ ಸ್ವಲ್ಪ ಲೆಕ್ಕ ಹಾಕಿ ಇವತ್ತು ಆಡಿಸಬಹುದು. ಇಂಥವಕ್ಕೆ ಹಾಕಿದ ದುಡ್ಡು ದಂಡ ಆಗುವುದು ಕಡಿಮೆ. ಹೊಸ ಆಟಗಾರ ಬಂದರೆ ಅವನು ಅಂಗಡಿಯಲ್ಲಿ ಸಿಗುವ ಹೊಸದನ್ನು ಓದಿಕೊಂಡು ಬರಬಹುದು, ನಿಮ್ಮ ಹಳೇ ಪುಸ್ತಕವೂ ಕೆಲಸಕ್ಕೆ ಬರುತ್ತದೆ.

ಮೂರನೇ ಜಾತಿಯವು ಕಷ್ಟದವು: ಸಿನಿಮಾ, ಕಾಮಿಕ್ಸ್, ಕಾದಂಬರಿಯ ಲೈಸೆನ್ಸ್ ಮೇಲೆ ನಿಂತ ಆಟಗಳು. ಟಿಎಸ್‌ಆರ್ ಕಂಪನಿಯ 1984ರ ಮಾರ್ವೆಲ್ ಸೂಪರ್ ಹೀರೋಸ್ ಅದ್ಭುತ ಆಟ, ಬಣ್ಣದ ಒಂದೇ ಕೋಷ್ಟಕದ ಮೇಲೆ ಇಡೀ ಆಟ ನಡೆಯುತ್ತದೆ. ಆದರೆ ಮತ್ತೆ ಅಚ್ಚಾಗಬೇಕಾದರೆ ಬರಹದ ಹಕ್ಕಿರುವವರೂ ಪಾತ್ರಗಳ ಹಕ್ಕಿರುವವರೂ ಒಪ್ಪಬೇಕು. ಟೋಲ್ಕಿನ್‌ನ ಲೋಕದ ಮೇಲೆ 1984ರಲ್ಲಿ ಬಂದ ಮಿಡಲ್ ಅರ್ಥ್ ರೋಲ್ ಪ್ಲೇಯಿಂಗ್ ಆಟದ ಲೈಸೆನ್ಸ್ 1999ರಲ್ಲಿ ಹೋಯಿತು. ಹೀಗೆ ಲೈಸೆನ್ಸ್ ಹೋದ ಆಟಕ್ಕೆ ಸಾಮಾನ್ಯವಾಗಿ ಹಳೇ ಪ್ರತಿಯೇ ಗತಿ. ಹಾಗಂತ ಬೆಲೆ ಏರುತ್ತಲೇ ಇರುತ್ತದೆ ಅಂತಲೂ ಇಲ್ಲ. ವೆಸ್ಟ್ ಎಂಡ್ ಗೇಮ್ಸ್‌ನ 1987ರ ಸ್ಟಾರ್ ವಾರ್ಸ್ ಆಟವನ್ನು ಇನ್ನೊಂದು ಕಂಪನಿ 2018ರಲ್ಲಿ ಮೂವತ್ತನೇ ವರ್ಷದ ನೆನಪಿಗೆ ಹಾಗೇ ಮರುಮುದ್ರಿಸಿತು.

ಕ್ಲೋನ್ ಇದೆಯಾ ನೋಡಿ

ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ಆಟದ ನಿಯಮಕ್ಕೆ ರಕ್ಷಣೆ ಇಲ್ಲ, ಅದನ್ನು ಬರೆದ ಮಾತಿಗೆ, ಚಿತ್ರಕ್ಕೆ ಮಾತ್ರ ಇದೆ. 2000ದಲ್ಲಿ ಡಿ ಅಂಡ್ ಡಿ ಮೂರನೇ ಆವೃತ್ತಿಯ ಜೊತೆ ಓಪನ್ ಗೇಮ್ ಲೈಸೆನ್ಸ್ ಬಂತು, ಅಂದರೆ ಅದರ ಮೂಲ ನಿಯಮಗಳನ್ನು ಬೇರೆಯವರೂ ಬಳಸಲು ಅನುಮತಿ. ಆ ಆಸರೆ ಹಿಡಿದು ಜನ ಹಳೇ ನಿಯಮಗಳನ್ನು ತಮ್ಮ ಮಾತಲ್ಲಿ ಮತ್ತೆ ಬರೆದರು. ಇವಕ್ಕೆ ರೆಟ್ರೋ ಕ್ಲೋನ್ ಅಂತಾರೆ. 2006ರ ಓಸ್ರಿಕ್ ಅಡ್ವಾನ್ಸ್ಡ್ ಡಿ ಅಂಡ್ ಡಿ (ಡಿ ಅಂಡ್ ಡಿಯದೇ ಹೆಚ್ಚು ನಿಯಮಗಳ ರೂಪ) ಮೊದಲ ಆವೃತ್ತಿಯ ಕ್ಲೋನ್, ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ 1981ರ ಡಿ ಅಂಡ್ ಡಿಯದ್ದು, ಹಳೇ ಟ್ರಾವೆಲರ್‌ನ ದಾರಿಯಲ್ಲಿ ಸೆಫಿಯಸ್ ಎಂಜಿನ್ ಇದೆ.

ನನ್ನ ಕೇಳಿದರೆ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ಮೂಲಕ್ಕಿಂತ ಆಡಿಸಲು ಸಲೀಸು. ನಿಯಮ ಅದೇ, ಆದರೆ ಒಂದು ವಿಷಯ ತೆರೆದ ಎರಡು ಪುಟದಲ್ಲೇ ಮುಗಿಯುವಂತೆ ಜೋಡಿಸಿದ್ದಾರೆ. ಲಾಟೀನು ಬೆಳಕಲ್ಲಿ, ಕರೆಂಟ್ ಹೋದಾಗ, ಪುಟ ಹುಡುಕುವವರಿಗೆ ಇದರ ಬೆಲೆ ಗೊತ್ತು. ಕ್ಲೋನ್‌ಗಳ ಮೂಲ ನಿಯಮಗಳು ಎಷ್ಟೋ ಸಲ ಪುಕ್ಕಟೆ ಪಿಡಿಎಫ್ ಆಗಿಯೇ ಸಿಗುತ್ತವೆ. ಹಳೇ ಮಾಡ್ಯೂಲ್, ಅಂದರೆ ಬರೆದಿಟ್ಟ ಸಾಹಸದ ಕಥೆ, ಕ್ಲೋನ್ ಜೊತೆ ಹಾಗೇ ಹೊಂದಿಕೊಳ್ಳುತ್ತದೆ. ಅಂದಮೇಲೆ ಮೊದಲ ಆಟಕ್ಕೆ ಖರ್ಚು ಸೊನ್ನೆ.

ಕದ್ದ ಸ್ಕ್ಯಾನ್‌ಗಳೂ ಬೇಕಾದಷ್ಟು ಓಡಾಡುತ್ತವೆ. ನ್ಯಾಯವಾದ ದಾರಿ ಇಷ್ಟು ಅಗ್ಗಕ್ಕೆ ಇರುವಾಗ ಅದರ ಗೊಡವೆ ಯಾಕೆ?

ತಗೊಳ್ಳುವ ಮುಂಚೆ ಒಂದು ಸಂಜೆ ಆಡಿ

ನಿಯಮ ಓದಿದಾಗ ಚೆಂದ ಕಂಡದ್ದು ಟೇಬಲ್ ಮೇಲೆ ಕಷ್ಟವಾಗಬಹುದು, ಅದಕ್ಕೇ ಈ ಮಾತು. ಅಡ್ವಾನ್ಸ್ಡ್ ಡಿ ಅಂಡ್ ಡಿ ಎರಡನೇ ಆವೃತ್ತಿಯ (1989) ಥ್ಯಾಕೋ ತಗೊಳ್ಳಿ, ಅಂದರೆ ಎಸಿ (ಆರ್ಮರ್ ಕ್ಲಾಸ್, ಕವಚದ ರಕ್ಷಣೆಯ ಅಂಕಿ) ಸೊನ್ನೆ ಇದ್ದವನಿಗೆ ಏಟು ತಾಗಿಸಲು ದಾಳದಲ್ಲಿ ಬೇಕಾದ ಅಂಕಿ. ಮೊದಲ ಹಂತದ ಯೋಧನ ಥ್ಯಾಕೋ 20. ಎದುರಾಳಿ ಚೈನ್ ಮೇಲ್ ಕವಚ ಹಾಕಿದ್ದಾನೆ, ಅವನ ಎಸಿ 5. ಇಪ್ಪತ್ತರಲ್ಲಿ ಐದು ಕಳೆದರೆ 15, ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಮೇಲೆ ಬಿದ್ದರೆ ಏಟು ತಾಗಿತು. ಇಷ್ಟೇ. ಆದರೆ ಇಲ್ಲಿ ಎಸಿ ಕಡಿಮೆಯಾದಷ್ಟೂ ರಕ್ಷಣೆ ಜಾಸ್ತಿ, ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಎಸಿ ಮೈನಸ್ 2 ಇದ್ದವನಿಗೆ 22 ಬೇಕು ಅಂದಾಗ ಹೊಸಬರ ಮುಖ ನೋಡಬೇಕು. 2000ದ ಆವೃತ್ತಿಯಲ್ಲಿ ಇದನ್ನು ತಿರುಗಿಸಿದರು. ಅದೇ ಕವಚಕ್ಕೆ ಎಸಿ 15, ಬೋನಸ್ ಬಿಟ್ಟು ನೋಡಿದರೆ ಬೇಕಾದದ್ದು ಅದೇ 15. ಗಣಿತ ಒಂದೇ, ತಲೆಬಿಸಿ ಬೇರೆ. ನಿಮ್ಮ ಗುಂಪಿಗೆ ಕಳೆಯುವ ಲೆಕ್ಕ ಕಿರಿಕಿರಿಯಾಗುತ್ತದೋ ಇಲ್ಲವೋ ಅನ್ನುವುದು ಒಂದು ಸಂಜೆಯಲ್ಲಿ ತಿಳಿಯುತ್ತದೆ.

ಇದಕ್ಕೆ ತದ್ವಿರುದ್ಧ ಟ್ರಾವೆಲರ್. ಅಲ್ಲಿ ಪಾತ್ರ ಹುಟ್ಟಿಸುವುದೇ ಒಂದು ಆಟ. ಹದಿನೆಂಟು ವರ್ಷದವನು ಯಾವುದಾದರೂ ಸೇವೆಗೆ ಸೇರುತ್ತಾನೆ, ನಾಲ್ಕು ನಾಲ್ಕು ವರ್ಷದ ಒಂದೊಂದು ಅವಧಿ, ಪ್ರತಿ ಅವಧಿಗೂ ಬದುಕಿ ಉಳಿದನಾ ಅಂತ ಎರಡು ದಾಳ ಹಾಕಬೇಕು. ಸ್ಕೌಟ್ ಸೇವೆಗೆ ಬೇಕಾದದ್ದು 7 ಅಥವಾ ಮೇಲೆ. ಅಂದರೆ 36ರಲ್ಲಿ 21 ಸಲ ಮಾತ್ರ ಉಳಿಗಾಲ. ಬೀಳದಿದ್ದರೆ ಮೂಲ ನಿಯಮದ ಪ್ರಕಾರ ಪಾತ್ರ ಸತ್ತೇ ಹೋಗುತ್ತದೆ. ನಮ್ಮ ಜಗುಲಿಯಲ್ಲಿ ಆಡುವಾಗ ಒಬ್ಬ ಗೆಳೆಯ ಮೂರನೇ ಅವಧಿಯಲ್ಲಿ ಎರಡು ಮತ್ತು ಮೂರು ಹಾಕಿ ಸತ್ತ. ‘ಮಾರಾಯಾ, ಆಟ ಶುರುವಾಗೋ ಮೊದಲೇ ಸಾಯಿಸಿಬಿಟ್ಯಲ್ಲೋ!’ ಅಂತ ಬೈದು, ಕಾಗದ ಹರಿದು, ಇನ್ನೊಂದು ಹಾಳೆ ಎಳೆದುಕೊಂಡ. ಇನ್ನೊಬ್ಬನಿಗೆ ಇದು ಹಿಡಿಸಲೇ ಇಲ್ಲ, ‘ಇದೆಂಥ ಆಟ’ ಅಂತ ಚಹಾ ಮಾಡಲು ಎದ್ದು ಹೋದ. (ಸಾಯುವ ಬದಲು ಗಾಯವಾಗಿ ಸೇವೆಯಿಂದ ಹೊರಬರುವ ಆಯ್ಕೆ 1981ರ ಪರಿಷ್ಕೃತ ಪುಸ್ತಕದಲ್ಲಿದೆ. ಅದನ್ನೇ ಹಿಡಿಯುವುದು ಕ್ಷೇಮ.) ಇಂಥ ವಿಷಯ ಯಾವ ವಿಮರ್ಶೆ ಓದಿದರೂ ಗೊತ್ತಾಗುವುದಿಲ್ಲ, ನಿಮ್ಮವರ ಎದುರಿಗೇ ಆಗಬೇಕು.

ದಾಳದ ವಿಷಯವನ್ನೂ ಈಗಲೇ ನೋಡಿಕೊಳ್ಳಿ. ಆರು ಮುಖದ ದಾಳ ಗಾಂಧಿ ಬಜಾರಿನಲ್ಲಿ ಲುಡೋ ಜೊತೆಗೇ ಸಿಗುತ್ತದೆ. ಟ್ರಾವೆಲರ್, ವೆಸ್ಟ್ ಎಂಡ್‌ನ ಸ್ಟಾರ್ ವಾರ್ಸ್, ಗರ್ಪ್ಸ್ ಇವಕ್ಕೆಲ್ಲ ಅದೇ ಸಾಕು. ಡಿ ಅಂಡ್ ಡಿಗೆ ನಾಲ್ಕು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖದವು ಬೇಕು, ಅವನ್ನು ಆನ್‌ಲೈನ್‌ನಲ್ಲಿ ತರಿಸಿ. ಹಳೇ ಬಾಕ್ಸ್ ಒಳಗಿನ ದಾಳಕ್ಕೆ ಆಸೆಪಡಬೇಡಿ. ಆ ಕಾಲದ ದಾಳಕ್ಕೆ ಅಂಕಿ ಕಾಣಲು ಮೇಣದ ಬಳಪ (ಕ್ರೇಯಾನ್) ಉಜ್ಜಬೇಕಿತ್ತು, 1979ರ ಹೊತ್ತಿನ ಕೆಲವು ಬೇಸಿಕ್ ಸೆಟ್‌ಗಳಲ್ಲಂತೂ ದಾಳದ ಕೊರತೆಯಾಗಿ ಅಂಕಿ ಬರೆದ ರಟ್ಟಿನ ಚೂರುಗಳನ್ನೇ ಹಾಕಿ ಕಳಿಸಿದ್ದರು.

ಸರಿ, ತಗೊಳ್ಳುತ್ತೇನೆ ಅಂದರೆ

ಪಿಡಿಎಫ್‌ನಿಂದ ಶುರು ಮಾಡಿ. ತಗೊಂಡ ದಿನವೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೂ ಹಾಕಿಡಿ. 2009ರ ಏಪ್ರಿಲ್‌ನಲ್ಲಿ ಡಿ ಅಂಡ್ ಡಿ ಹೊರತರುವ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ತನ್ನ ಪಿಡಿಎಫ್‌ಗಳ ಮಾರಾಟವನ್ನು ಏಕಾಏಕಿ ನಿಲ್ಲಿಸಿತು, ಹಳೆಯವು ಮತ್ತೆ ಬಂದದ್ದು 2013ರಲ್ಲಿ. ಹೊಸನಗರದ ಕಡೆ ನೆಟ್‌ವರ್ಕ್ ನಂಬಿಕೊಂಡು ಆಟಕ್ಕೆ ಕೂರುವಂತೆಯೂ ಇಲ್ಲ. ಆಟಕ್ಕೆ ಪದೇ ಪದೇ ಬೇಕಾಗುವ ಕೋಷ್ಟಕ, ಕ್ಯಾರೆಕ್ಟರ್ ಶೀಟ್ ಇಷ್ಟನ್ನು ಮಾತ್ರ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿ. ಟೇಬಲ್ ಮೇಲೆ ಮಟ್ಟಸವಾಗಿ ಬಿಚ್ಚಿಕೊಳ್ಳುತ್ತದೆ, ಚಹಾ ಚೆಲ್ಲಿದರೂ ಹೊಟ್ಟೆ ಉರಿಯುವುದಿಲ್ಲ.

ಹಳೇ ಪ್ರತಿಯೇ ಬೇಕಾದರೆ ಮಾರುವವನನ್ನು ಸರಿಯಾಗಿ ವಿಚಾರಿಸಿ. ಮುಖಪುಟದ ಫೋಟೋ ಸಾಲದು, ಅಚ್ಚಿನ ವಿವರವಿರುವ ಪುಟ, ಬೆನ್ನು, ಬಾಕ್ಸ್ ಆದರೆ ಒಳಗಿರುವ ಒಂದೊಂದು ವಸ್ತುವನ್ನೂ ಹರಡಿ ತೆಗೆದ ಫೋಟೋ ಕೇಳಿ. ನಕ್ಷೆ ಇಲ್ಲದ ಬಾಕ್ಸ್ ಎಷ್ಟೋ ಸಲ ಬರೀ ಡಬ್ಬ. ‘ಫಸ್ಟ್ ಎಡಿಷನ್’ ಅಂದ ಮಾತ್ರಕ್ಕೆ ಮೊದಲ ಮುದ್ರಣ ಅಂತಲ್ಲ. 1980ರಲ್ಲಿ ಅಡ್ವಾನ್ಸ್ಡ್ ಡಿ ಅಂಡ್ ಡಿಗೆ ಬಂದ ದೇವತೆಗಳ ಪುಸ್ತಕ ಡೀಟೀಸ್ ಅಂಡ್ ಡೆಮಿಗಾಡ್ಸ್ ನೋಡಿ: ಆರಂಭದ ಮುದ್ರಣ 144 ಪುಟ, ಆಮೇಲೆ ಕ್ತುಲ್ಹು ಮತ್ತು ಮೆಲ್ನಿಬೋನೆ ಅನ್ನುವ ಕಥಾಲೋಕಗಳ ಎರಡು ಅಧ್ಯಾಯ ತೆಗೆದು 128 ಪುಟ ಮಾಡಿದರು. ಸಂಗ್ರಹಕಾರರು ದುಡ್ಡು ಸುರಿಯುವುದು 144ಕ್ಕೆ. ಆಡುವವರಿಗೆ ಎರಡೂ ಒಂದೇ. ಕೊನೆಯದಾಗಿ, ಮುಗ್ಗಲು ವಾಸನೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಉತ್ತರ ಹಾರಿಸಿದರೆ ಇದೆ ಅಂತಲೇ ಅರ್ಥ.

ಸಾಗಾಣಿಕೆ ಲೆಕ್ಕ ಬೇರೆ. ಹೊರದೇಶದಿಂದ ಬರುವ ದಪ್ಪ ಪುಸ್ತಕಕ್ಕೆ ಪುಸ್ತಕದ ಬೆಲೆಗಿಂತ ಪೋಸ್ಟೇಜ್ ಜಾಸ್ತಿ ಆಗುವುದು ಮಾಮೂಲಿ. ಅದರ ಮೇಲೆ ಕಸ್ಟಮ್ಸ್. ಆಮದು ಪುಸ್ತಕಕ್ಕೆ 2019ರ ಬಜೆಟ್‌ನಲ್ಲಿ ಶೇ 5 ಸುಂಕ ಹಾಕಿದರು. ಆಟಿಕೆಗೆ 2020ರಲ್ಲಿ ಶೇ 60, 2023ರಲ್ಲಿ ಶೇ 70 ಆಯಿತು. ಬರೀ ಪುಸ್ತಕವಾದರೆ ಚಿಂತೆಯಿಲ್ಲ. ಆದರೆ ದಾಳ, ರಟ್ಟಿನ ಗೊಂಬೆ, ನಕ್ಷೆ ತುಂಬಿದ ಬಾಕ್ಸ್ ಅಧಿಕಾರಿಯ ಕಣ್ಣಿಗೆ ಪುಸ್ತಕವಾಗಿ ಕಾಣುತ್ತದೋ ಆಟಿಕೆಯಾಗಿ ಕಾಣುತ್ತದೋ ಅವರಿಗೇ ಬಿಟ್ಟದ್ದು. ಆರ್ಡರ್ ಮಾಡುವ ದಿನದ ದರ ನೋಡಿಕೊಂಡು, ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿಯಿರಿ. ಮಲೆನಾಡಿನ ಎಷ್ಟೋ ಮನೆಯವರಿಗೆ ಅಮೆರಿಕದಲ್ಲಿ ಅಣ್ಣನೋ ಅತ್ತಿಗೆಯೋ ಇರುತ್ತಾರೆ, ಊರಿಗೆ ಬರುವಾಗ ಒಂದು ಪುಸ್ತಕ ತಂದುಕೊಡಿ ಅಂದರೆ ಇಲ್ಲ ಅನ್ನುವುದಿಲ್ಲ. ಬಾಕ್ಸ್ ಮಾತ್ರ ಹೇಳಬೇಡಿ, ಸೂಟ್‌ಕೇಸಲ್ಲಿ ಚಾಕೊಲೇಟ್ ಪ್ಯಾಕೆಟ್‌ಗಳ ಕೆಳಗೆ ಅಪ್ಪಚ್ಚಿಯಾಗಿ ಬರುತ್ತದೆ.

ಲಾಭಕ್ಕೆ ಮಾರುವ ಆಸೆ

ಇಂಥ ಪುಸ್ತಕಕ್ಕೆ ಹೆಚ್ಚು ಬೆಲೆ ಕೊಡುವವರು ಬಹುಪಾಲು ಅಮೆರಿಕ, ಇಂಗ್ಲೆಂಡ್‌ನಲ್ಲಿದ್ದಾರೆ. ಅಲ್ಲಿಂದ ತರಿಸಲು ಒಮ್ಮೆ ಪೋಸ್ಟೇಜ್, ಮಾರಿದಾಗ ವಾಪಸ್ ಕಳಿಸಲು ಇನ್ನೊಮ್ಮೆ. ಮಧ್ಯೆ ಮಾರಾಟದ ತಾಣದ ಕಮಿಷನ್. ಜೊತೆಗೆ ಮರುಮುದ್ರಣದ ಭಯ. ಮೊದಲ ಅಡ್ವಾನ್ಸ್ಡ್ ಡಿ ಅಂಡ್ ಡಿಯ ಮೂರು ಮುಖ್ಯ ಪುಸ್ತಕಗಳು 2012ರಲ್ಲಿ ಮತ್ತೆ ಅಚ್ಚಾದವು. ಅವತ್ತಿನ ತನಕ ಆಡುವುದಕ್ಕೆ ಹಳೇ ಪ್ರತಿ ಹುಡುಕುತ್ತಿದ್ದವರಿಗೆ ಹೊಸದೇ ಸಿಕ್ಕಿತು. ಸೀಲ್ ಒಡೆಯದ, ಮೂಲೆ ಮಡಚದ ಪ್ರತಿಗೆ ಬೆಲೆ ಇದ್ದೇ ಇದೆ, ಆದರೆ ಅದನ್ನು ಹಾಗೇ ಉಳಿಸಿಕೊಳ್ಳುವುದು ನಮ್ಮ ಹವೆಯಲ್ಲಿ ಬೇರೆಯೇ ಹೋರಾಟ.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ, ಆದರೂ ಜುಲೈನಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಪುಸ್ತಕ ಬಿಟ್ಟೀತೇ? ಅಟ್ಟದ ಮೇಲೆ, ಹೊರಗೋಡೆಗೆ ತಾಗಿದ ಮರದ ಕಪಾಟಿನಲ್ಲಿ ಇಡಲೇಬೇಡಿ, ಒಂದು ಕಡೆಯಿಂದ ತಂಡಿ, ಇನ್ನೊಂದು ಕಡೆಯಿಂದ ಒರಲೆ. ಗೋಡೆಯಿಂದ ಸ್ವಲ್ಪ ದೂರವಿಟ್ಟ ಕಬ್ಬಿಣದ ಬೀರು ವಾಸಿ. ಅದರೊಳಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಮೇ ತಿಂಗಳ ಒಣ ದಿನ ನೋಡಿ, ಪುಸ್ತಕವನ್ನು ನೆರಳಲ್ಲಿ ಗಾಳಿಗೆ ಬಿಡಿಸಿಟ್ಟು ಆಮೇಲೆ ಮುಚ್ಚಿ. ತೇವ ಇರುವಾಗಲೇ ಮುಚ್ಚಿದರೆ ಡಬ್ಬದೊಳಗೇ ಬೂಷ್ಟು ಬೆಳೆಯುತ್ತದೆ. ಬಿಸಿಲಿಗೆ ನೇರ ಇಟ್ಟರೆ ಬಣ್ಣ ಹೋಗಿ ಬೆನ್ನಿನ ಗೋಂದು ಬಿಡುತ್ತದೆ. ಹಳೇ ಪ್ರತಿ ಪಾರ್ಸೆಲ್‌ನಲ್ಲಿ ಬಂದ ಕೂಡಲೇ ಉಳಿದ ಪುಸ್ತಕಗಳ ಜೊತೆ ಸೇರಿಸಬೇಡಿ, ಎರಡು ಮೂರು ವಾರ ಬೇರೆ ಇಟ್ಟು ಹುಳ, ವಾಸನೆ ನೋಡಿ. ಪೊಟ್ಟಣಗಳನ್ನು ಮಳೆಗಾಲದ ನಡುವೆ ಒಮ್ಮೆ ಬದಲಾಯಿಸಿ. ಬಣ್ಣ ಬದಲಾಗುವ ಹರಳಿನ ಸಿಲಿಕಾ ಜೆಲ್ ತಂದರೆ ಯಾವಾಗ ಬದಲಾಯಿಸಬೇಕು ಅಂತ ಅದೇ ತೋರಿಸುತ್ತದೆ.